ಫ್ಯಾನ್ ಆರಿಸಿದ ಮಧ್ಯಾಹ್ನ

ಇದು ನಡೆದದ್ದು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿಯಲ್ಲಿ, ಚೆನ್ನೈನ ಪೆರಂಬೂರಿನಲ್ಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಹನ್ನೆರಡನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದೆ, ಆಮೇಲೆ ಮೂವತ್ತು ವರ್ಷ ದೋಸೆ ಕಲ್ಲಿನ ಮುಂದೆ ನಿಂತೆ. ಬರೆದು ಅಭ್ಯಾಸವಿಲ್ಲ. ಆದರೆ ಮೊನ್ನೆ ಬಸ್ ಸ್ಟಾಪಿನಲ್ಲಿ ನನ್ನ ಮೊಮ್ಮಗಳು ಸಿಂಧು, ಇನ್ನೂ ತಿರುವಿನಲ್ಲಿದ್ದ ಬಸ್ಸಿನ ನಂಬರು ಓದಿ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ನಿಂತವರಿಗೆಲ್ಲ, "ಕೇಳಿದ್ರಾ, ಓದಿದ್ಲು, ಇಲ್ಲಿಂದಲೇ ಓದಿದ್ಲು!" ಎಂದುಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹನ್ನೆರಡು ವರ್ಷದ ಹುಡುಗಿ ಬಸ್ಸಿನ ನಂಬರು ಓದಿದ್ದರಲ್ಲಿ ದೊಡ್ಡದೇನು ಎಂದು ಅವರಿಗೆ ಅನ್ನಿಸಿರಬೇಕು. ಏನು ದೊಡ್ಡದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಿಂಧುವಿಗೆ ಎರಡು ವರ್ಷ ತುಂಬಿದಾಗ ದಡಾರ ಬಂತು. ಜ್ವರ ಇಳಿಯಿತು, ಮೈಮೇಲಿನ ಕಲೆಯೂ ಹೋಯಿತು, ಕಣ್ಣು ಮಾತ್ರ ಬಿಡಲಿಲ್ಲ. ವಾರದ ಮೇಲೆ ಬಿಟ್ಟಾಗ ನೋಡಿದರೆ, ಎರಡೂ ಕಣ್ಣಿನ ಕರಿಗುಡ್ಡೆಯ ಮೇಲೆ ಗಂಜಿಗೆ ಕೆನೆ ಕಟ್ಟಿದ ಹಾಗೆ ಬಿಳಿ. ಅವಳ ತಾಯಿ, ಅಂದರೆ ನನ್ನ ಸೊಸೆ ವಸಂತಿ, ಮಗುವಿನ ಮುಖದ ಮುಂದೆ ಕೈ ಆಡಿಸಿ ಆಡಿಸಿ ಅತ್ತಳು. ಮಗು ಅಳಲಿಲ್ಲ. ಅದು ಒಂದು ತಿಂಗಳಲ್ಲೇ ಕೈಯಲ್ಲಿ ನೋಡಲು, ಕಿವಿಯಲ್ಲಿ ನೋಡಲು ಕಲಿತುಬಿಟ್ಟಿತು. ಯಾರು ಬಂದರೂ ಅವರ ಮುಖವನ್ನು ಎರಡೂ ಅಂಗೈಯಿಂದ ಸವರಿ ಹೆಸರು ಹೇಳುತ್ತಿತ್ತು.

ಎಲ್ಲ ಆಸ್ಪತ್ರೆಯಲ್ಲೂ "ದೊಡ್ಡವಳಾಗಲಿ, ಆಮೇಲೆ ನೋಡೋಣ" ಎಂದರು. ಕೊನೆಗೆ ಹೋಟೆಲಿಗೆ ಬರುವ ಒಬ್ಬ ಗಿರಾಕಿ ಕೀಲ್ಪಾಕಿನ ಕಡೆ ಇದ್ದ ಒಬ್ಬ ಡಾಕ್ಟರಮ್ಮನ ವಿಷಯ ಹೇಳಿದರು. ಸಣ್ಣ ಮಕ್ಕಳ ಕಣ್ಣಿಗೆ ಬೇರೆಯವರ ಕಣ್ಣಿನ ಪರದೆ ಹೊಲಿಯಲು ಉಳಿದ ಡಾಕ್ಟರುಗಳು ಹೆದರುತ್ತಿದ್ದ ಕಾಲದಲ್ಲಿ ಆ ಕೆಲಸ ಶುರು ಮಾಡಿದವರು ಅವರು. ಹೇಳಿದ ಗಿರಾಕಿಯೇ ಸ್ವರ ತಗ್ಗಿಸಿ ಇನ್ನೊಂದು ಮಾತೂ ಹೇಳಿದರು. ಸತ್ತವರ ಮನೆಗೆ ಆ ಡಾಕ್ಟರಮ್ಮ ತಾವೇ ಹೋಗಿ ಕಣ್ಣು ತೆಗೆದುಕೊಂಡು ಬರುತ್ತಾರೆ, ಅವರ ಬೂದು ಬಣ್ಣದ ಕಾರು ಬೀದಿಗೆ ಬಂತೆಂದರೆ ಜನ ಕಿಟಕಿ ಹಾಕಿಕೊಳ್ಳುತ್ತಾರೆ, ಬೀದಿಯ ಮಕ್ಕಳು ಅವರನ್ನು "ಕಣ್ಣು ಪೇಯಿ", ಅಂದರೆ ಕಣ್ಣಿನ ದೆವ್ವ ಎಂದು ಕರೆಯುತ್ತಾರೆ ಎಂದು.

ನಾವು ನೋಡಿದ ದೆವ್ವ ನರೆತ ಕೂದಲಿನ, ನಮ್ಮ ಅಕ್ಕನಂಥ ಹೆಂಗಸು. ಸಿಂಧುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೊದಲು ತನ್ನ ಮುಖ ಸವರಲು ಬಿಟ್ಟು, ಆಮೇಲೆ ಟಾರ್ಚು ಹಿಡಿದರು. ಅವರು ಮಾತಾಡಿದ್ದು ತಮಿಳು. ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ, ನನ್ನನ್ನು ಕರೆದ "ಪೆರಿಯವರೇ", ಅಂದರೆ ಹಿರಿಯರೇ, ಒಂದನ್ನು ಬಿಟ್ಟು.

"ಪೆರಿಯವರೇ, ಈ ಬಿಳಿ ಪರದೆ ತೆಗೆದು ಬೇರೆ ಪರದೆ ಹೊಲಿಯಬೇಕು. ಹೊಲಿಯೋದು ನನ್ನ ಕೆಲಸ. ಆದರೆ ಆ ಬಟ್ಟೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಸತ್ತವರು ಯಾರಾದರೂ ಕೊಡಬೇಕು."

"ಕಾಯ್ತೇವೆ ಅಮ್ಮ" ಎಂದೆ.

"ತುಂಬಾ ಕಾಯೋ ಹಾಗೂ ಇಲ್ಲ. ಈ ವಯಸ್ಸಿನಲ್ಲಿ ನೋಡದೇ ಇದ್ದರೆ ಮಿದುಳು ನೋಡೋದನ್ನೇ ಮರೆತುಬಿಡುತ್ತೆ. ಆಮೇಲೆ ಎಂಥ ಪರದೆ ಹೊಲಿದರೂ ಪ್ರಯೋಜನ ಇಲ್ಲ."

ಅಂದರೆ ಬೇಗ ಯಾರಾದರೂ ಸಾಯಬೇಕು. ಅವರು ಹಾಗೆ ಹೇಳಲಿಲ್ಲ, ನನಗೆ ಕೇಳಿಸಿದ್ದು ಹಾಗೆ.

ಹೊರಡುವಾಗ ಅವರು ತಮ್ಮ ಹಳೆಯ ಕಥೆಯೊಂದನ್ನು ನಗುತ್ತಾ ಹೇಳಿದರು. ಮೊದಲ ಸಲ ಒಂದು ಮನೆಗೆ ಕಣ್ಣು ಕೇಳಲು ಹೋದಾಗ ಪೊರಕೆ ಹಿಡಿದು ಓಡಿಸಿದರಂತೆ. ಚಪ್ಪಲಿ ಬಿಟ್ಟು ಓಡಿದರಂತೆ. ಮರುವಾರ ಆ ಮನೆಯ ದೊಡ್ಡ ಸೊಸೆ ಚಪ್ಪಲಿ ತಂದುಕೊಟ್ಟು, "ನಾನು ಸತ್ತರೆ ಬನ್ನಿ, ಯಾರೂ ತಡೆಯದ ಹಾಗೆ ಹೇಳಿಟ್ಟಿರುತ್ತೇನೆ" ಎಂದಳಂತೆ. ಆಮೇಲೆ ನಮ್ಮ ಕೈಗೆ ಒಂದು ತಮಿಳು ಚೀಟಿ ಕೊಟ್ಟರು. ಸಾವಾದ ಮನೆಯಲ್ಲಿ ಏನು ಮಾಡಬೇಕು ಎಂದು ಅದರಲ್ಲಿತ್ತು. ಫ್ಯಾನ್ ಆರಿಸಬೇಕು, ಇಲ್ಲದಿದ್ದರೆ ಕಣ್ಣು ಒಣಗುತ್ತದೆ. ತಲೆಯ ಕೆಳಗೆ ದಿಂಬು ಇಡಬೇಕು. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು. ಪ್ರಾಣ ಹೋದ ಆರು ಗಂಟೆಯೊಳಗೆ ಫೋನ್ ಮಾಡಬೇಕು. ನಾನು ಅದನ್ನು ಸಾಂಬಾರಿನ ಅಳತೆಯ ಹಾಗೆ ಬಾಯಿಪಾಠ ಮಾಡಿದೆ.

ಆಮೇಲಿನ ದಿನಗಳನ್ನು ನೆನೆದರೆ ನನಗೆ ನನ್ನದೇ ಹೆದರಿಕೆ. ಪೆರಂಬೂರಿನಲ್ಲಿ ಹೆಣದ ಮೆರವಣಿಗೆಗೆ ತಮಟೆ ಬಾರಿಸುತ್ತಾರೆ, ಪಟಾಕಿ ಸುಡುತ್ತಾರೆ, ದಾರಿಯುದ್ದಕ್ಕೂ ಹೂವಿನ ಎಸಳು ಎರಚುತ್ತಾರೆ. ಅಷ್ಟು ವರ್ಷ ಆ ಸದ್ದು ಕೇಳಿದರೆ ನಾನು ಹೋಟೆಲಿನ ಒಳಕ್ಕೆ ಸರಿಯುತ್ತಿದ್ದೆ. ಈಗ ಸೌಟು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡುತ್ತಿದ್ದೆ. ಹೂವಿನ ಪಲ್ಲಕ್ಕಿಯಲ್ಲಿ ಕೂರಿಸಿದ ಹೆಣದ ಮುಖದಲ್ಲಿ ನಾನು ನೋಡುತ್ತಿದ್ದದ್ದು ಮುಚ್ಚಿದ ಎರಡು ರೆಪ್ಪೆಗಳನ್ನು ಮಾತ್ರ. ಇನ್ನೊಂದು ಗಂಟೆಯಲ್ಲಿ ಅವು ಸುಟ್ಟುಹೋಗುತ್ತವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಪಲ್ಲಕ್ಕಿ ಹೊತ್ತ ಗಾಡಿ ಗುಂಡಿಗೆ ಇಳಿದು ಕುಲುಕಿತು. ಹೆಣದ ಒಂದು ರೆಪ್ಪೆ ಗೆರೆಯಷ್ಟು ತೆರೆದುಕೊಂಡು ನೇರ ನನ್ನನ್ನೇ ನೋಡಿದ ಹಾಗಾಯಿತು. ಕಲ್ಲಿನ ಮೇಲಿದ್ದ ದೋಸೆಗಳೆಲ್ಲ ಅವತ್ತು ಕರಟಿದವು.

ವಸಂತಿ ಒಂದು ದಿನ, "ಮಾವಯ್ಯ, ನೀವ್ ಎಂತಕೆ ಈಗೀಗ ಎಲ್ಲರ ಕಣ್ಣನ್ನೇ ಕಾಣ್ತ್ರಿ? ನಂಗೆ ಹೆದ್ರಿಕೆ ಆತ್ತ್" ಎಂದಳು.

ನಮ್ಮದು ಒಂದೇ ಕಾಂಪೌಂಡಿನೊಳಗೆ ನಾಲ್ಕು ಬಾಡಿಗೆ ಮನೆ ಇರುವ ಜಾಗ. ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಏಳುಮಲೈ ಇದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಹೆಂಡತಿ ಇಲ್ಲ, ಸೆಲ್ವಿ ಎಂಬ ಮಗಳು ನೋಡಿಕೊಳ್ಳುತ್ತಿದ್ದಳು. ದೊಡ್ಡ ಬಿಳಿ ಮೀಸೆ. ಸಿಂಧುವಿಗೆ ಅದನ್ನು ಸವರುವುದೆಂದರೆ ಬಹಳ ಇಷ್ಟ, "ಮೀಸೆ ತಾತಾ" ಎಂದೇ ಕರೆಯುತ್ತಿದ್ದಳು. ಅವರಿಗೆ ಹೃದಯ ದೊಡ್ಡದಾಗುವ ಕಾಯಿಲೆ. ಆಸ್ಪತ್ರೆಯವರು, ಮನೆಯಲ್ಲೇ ಇರಲಿ ಎಂದು ಕಳಿಸಿದ್ದರು.

ನಾನು ದಿನಾ ಮಧ್ಯಾಹ್ನ ಅವರಿಗೆ ಗಂಜಿ ಒಯ್ಯಲು ಶುರು ಮಾಡಿದೆ. ಬೆನ್ನು ಒರೆಸುತ್ತಿದ್ದೆ, ಕಾಲು ಒತ್ತುತ್ತಿದ್ದೆ. ಬೀದಿಯವರು "ಹೋಟೆಲ್ ಸಾಮಿಯ ಹಾಗೆ ನೆರೆಯವರು ಸಿಗಬೇಕು" ಎನ್ನುತ್ತಿದ್ದರು. ನಾನು ಯಾಕೆ ಹೋಗುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ಅವರ ಕಣ್ಣು ಆ ವಯಸ್ಸಿನಲ್ಲೂ ತೊಳೆದಿಟ್ಟ ಗಾಜಿನ ಹಾಗಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಹಾಗೆಯೇ ಹೋದೆ. ಸೆಲ್ವಿ ರೇಷನ್ ಅಂಗಡಿಗೆ ಹೋಗಿದ್ದಳು. ಏಳುಮಲೈ ಮಂಚದ ಮೇಲೆ ಬಾಯಿ ಅರ್ಧ ತೆರೆದು, ಕಣ್ಣು ಅರ್ಧ ತೆರೆದು ಮಲಗಿದ್ದರು. ಮೂರು ಸಲ ಕರೆದೆ. ಅಲುಗಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದೆ. ಮೇಲೆ ಫ್ಯಾನ್ ತಿರುಗುತ್ತಿತ್ತು, ಗಾಳಿ ಯಾವುದು ಉಸಿರು ಯಾವುದು ತಿಳಿಯಲಿಲ್ಲ. ನಾಡಿ ಹಿಡಿದು ನೋಡಿದೆ. ಅಲ್ಲೇ ನಾನು ತಪ್ಪಿದ್ದು. ಮೂವತ್ತು ವರ್ಷ ಕಾದ ಕಲ್ಲನ್ನು ಮುಟ್ಟಿ ಮುಟ್ಟಿ ನನ್ನ ಬೆರಳಿನ ತುದಿಗಳು ಚಪ್ಪಲಿಯ ಅಟ್ಟೆಯಾಗಿವೆ. ಬಿಸಿ ಇಡ್ಲಿಯನ್ನು ಬರಿಗೈಯಲ್ಲಿ ಎತ್ತುವ ಕೈ ಅದು, ಅದಕ್ಕೆ ನಾಡಿ ಎಲ್ಲಿ ತಿಳಿಯಬೇಕು? ಏನೂ ಮಿಡಿಯಲಿಲ್ಲ. ಮುಗಿಯಿತು ಎಂದುಕೊಂಡೆ.

ಮೊದಲು ಫ್ಯಾನ್ ಆರಿಸಿದೆ. ಕೋಣೆ ಒಮ್ಮೆಲೇ ಬಾವಿಯ ಒಳಗಿನ ಹಾಗೆ ನಿಶ್ಶಬ್ದವಾಯಿತು. ತಲೆ ಎತ್ತಿ ಇನ್ನೊಂದು ದಿಂಬು ಕೊಟ್ಟೆ. ಎರಡು ರೆಪ್ಪೆಗಳನ್ನೂ ಮೆಲ್ಲಗೆ ಇಳಿಸಿದೆ, ಸುಲಭವಾಗಿ ಇಳಿದವು. ಔಷಧಿಯ ಡಬ್ಬದಲ್ಲಿದ್ದ ಹತ್ತಿಯನ್ನು ಕುಡಿಯುವ ನೀರಿನ ಕೊಡದಲ್ಲಿ ಅದ್ದಿ, ಹಿಂಡಿ, ಎರಡು ಕಣ್ಣಿನ ಮೇಲೂ ಇಟ್ಟೆ. ಗೋಡೆಯ ಗಡಿಯಾರ ನೋಡಿದೆ. ಎರಡು ಗಂಟೆ ಹತ್ತು ನಿಮಿಷ. ಎಂಟು ಹತ್ತರವರೆಗೆ ಸಮಯ ಉಂಟು ಎಂದು ಲೆಕ್ಕ ಹಾಕಿದೆ. ನನ್ನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಸತ್ಯ ಬರೆಯಬೇಕೆಂದೇ ಕೂತಿದ್ದೇನೆ, ಆದ್ದರಿಂದ ಬರೆಯುತ್ತೇನೆ. ನನಗೆ ಬಂದದ್ದು ಸಂತೋಷ.

ಫೋನ್ ಬೂತಿಗೆ ಓಡಲು ಬಾಗಿಲಿಗೆ ಬಂದಿದ್ದೆ. ಹಿಂದಿನಿಂದ ಸ್ವರ ಬಂತು.

"ಸಾಮಿ... ಫ್ಯಾನ್ ಹಾಕು."

ತಿರುಗಿ ನೋಡಿದೆ. ಹೆಣ ಹಾಗೆಯೇ ಮಲಗಿತ್ತು. ಕಣ್ಣಿದ್ದ ಜಾಗದಲ್ಲಿ ಎರಡು ಬಿಳಿ ಹತ್ತಿಯ ಉಂಡೆ. ಕೆಳಗೆ ಮೀಸೆ ಮಾತ್ರ ಅಲುಗುತ್ತಿತ್ತು.

"ಬೆಂದುಹೋಗ್ತಿದ್ದೀನಿ. ಫ್ಯಾನ್ ಹಾಕು ಸಾಮಿ."

ಸ್ವಿಚ್ಚು ಎಲ್ಲಿದೆ ಎಂದೇ ನನಗೆ ಸಿಗಲಿಲ್ಲ. ಹೇಗೋ ಹಾಕಿ, ಹತ್ತಿ ತೆಗೆಯಲು ಹೋದರೆ ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ತಣ್ಣಗಿತ್ತು.

"ಬಿಡು, ಇದು ತಂಪಾಗಿದೆ. ಗಂಟೆ ಎಷ್ಟು ಅಂತ ನೋಡ್ಕೊಂಡ್ಯಾ?"

"ಎರಡು ಹತ್ತು" ಎಂದೆ. ಬೇರೆ ಏನು ಹೇಳಲಿ?

"ಆ ಗಡಿಯಾರ ಐದು ನಿಮಿಷ ಮುಂದಿದೆ. ಸರಿಯಾಗಿ ಬರ್ಕೋಬೇಕಲ್ಲಪ್ಪಾ" ಎಂದು ನಗಲು ಹೋಗಿ ಕೆಮ್ಮಿದರು. ಕೆಮ್ಮು ಇಳಿದ ಮೇಲೆ ಹತ್ತಿಯ ಕೆಳಗಿನಿಂದಲೇ ಮಾತಾಡಿದರು. "ಮೂರು ತಿಂಗಳಿಂದ ಬರ್ತೀಯ. ಗಂಜಿ ಕೊಡ್ತೀಯ. ಒಂದು ದಿನಾನೂ ನನ್ನ ಮುಖ ನೋಡಿಲ್ಲ ನೀನು. ಕಣ್ಣು ನೋಡ್ತೀಯ. ನಾನು ಫಿಟ್ಟರ್ ಸಾಮಿ, ಯಾರು ಯಾವ ಪಾರ್ಟು ನೋಡ್ತಿದ್ದಾರೆ ಅಂತ ನನಗೆ ಗೊತ್ತಾಗಲ್ವಾ?"

ನಾನು ಅವರ ಕಾಲಿನ ಮೇಲೆ ಬಿದ್ದೆ. ಸಿಂಧುವಿನ ಹೆಸರು ಹೇಳಿ ಅತ್ತೆ.

"ಕೇಳೋದಕ್ಕೇನು ನಾಚಿಕೆ? ವರ್ಕ್‌ಶಾಪಲ್ಲಿ ಪಕ್ಕದವನ ಸ್ಪ್ಯಾನರ್ ಬೇಕಾದ್ರೂ ಬಾಯಿ ಬಿಟ್ಟು ಕೇಳ್ತಿದ್ವಿ" ಎಂದರು.

ಸಂಜೆ ಸೆಲ್ವಿಯನ್ನು ಕೂರಿಸಿಕೊಂಡು ವಿಷಯ ಹೇಳಿದರು. ಅವಳು ಕಿವಿ ಮುಚ್ಚಿಕೊಂಡಳು. "ಅಪ್ಪಾ, ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟಿದ್ರೆ?"

"ಹುಟ್ಟಿದ್ರೆ ಆಗ ಯಾರಾದ್ರೂ ನನಗೆ ಕೊಡ್ಲಿ. ಒಂದೇ ಕಂಡೀಷನ್. ನಾನು ನಿಜವಾಗ್ಲೂ ಹೋಗಿದ್ದೀನಾ ಅಂತ ಬೇರೆ ಯಾರಾದ್ರೂ ನೋಡ್ಬೇಕು. ಈ ಸಾಮಿ ಹೇಳಿದ್ರೆ ನಂಬಬೇಡಿ!"

ಅವತ್ತಿನಿಂದ ನಾನು ಅವರ ಮುಖ ನೋಡಿದೆ. ಗಲ್ಲದ ಮೇಲೆ ಕಬ್ಬಿಣದ ಚೂರು ಸಿಡಿದ ಗಾಯ ಇತ್ತು, ಎಡಗಡೆ ಎರಡು ಹಲ್ಲು ಇರಲಿಲ್ಲ. ಇಷ್ಟು ಕಾಲ ನನಗೆ ಕಂಡೇ ಇರಲಿಲ್ಲ. ಇವರು ಬದುಕಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ. ಕೈ ಮುಗಿದು ಏಳುವಾಗ ಸಿಂಧು ಗೋಡೆ ಸವರಿಕೊಂಡು ಬರುವುದು ಕಾಣುತ್ತಿತ್ತು.

ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತು. ಸಿಂಧು ನೆಲದ ಮೇಲೆ ಲೋಟ ಜೋಡಿಸಿ ಆಡುತ್ತಿದ್ದವಳು ಕೈ ನಿಲ್ಲಿಸಿ, ತಲೆ ಓರೆ ಮಾಡಿ, "ಅಜ್ಜಯ್ಯ, ಮೀಸೆ ತಾತಾ ಉಸ್ರು ಬಿಡ್ತಿಲ್ಲ" ಎಂದಳು.

ನಡುವೆ ಇಟ್ಟಿಗೆಯ ಗೋಡೆ. ಆಚೆಯಿಂದ ನಮಗೆ ಯಾವತ್ತೂ ಉಸಿರು ಕೇಳಿಸಿದ್ದಿಲ್ಲ. "ಎಂತ ಹೇಳ್ತೆ ಮಗಾ?" ಎಂದು ನಾನು ಕೇಳುವುದಕ್ಕೂ ಆಚೆ ಸೆಲ್ವಿ ಚೀರುವುದಕ್ಕೂ ಸರಿಹೋಯಿತು. ನನ್ನ ಮೈಯ ರೋಮ ಅವತ್ತು ನಿಂತದ್ದು ಈಗ ಬರೆಯುವಾಗಲೂ ನಿಲ್ಲುತ್ತದೆ.

ನಾನು ಅವರ ಹೊಸಿಲ ಮೇಲೆ ನಿಂತೆ. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಬೀದಿ ತುದಿಯ ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ನೋಡಿ, ಹೋಗಿದ್ದಾರೆ ಎಂದರು. ಆಗಲೂ ನಾನು ಮುಟ್ಟಲಿಲ್ಲ. ಸೆಲ್ವಿಯೇ ಹತ್ತಿಯ ಸುರುಳಿ ನನ್ನ ಕೈಗಿಟ್ಟು, "ನೀಂಗಳೇ ಪಣ್ಣುಂಗ ಸಾಮಿ" ಎಂದಳು. ನೀವೇ ಮಾಡಿ ಎಂದು.

ಮಾಡಿದೆ. ಹತ್ತಿ ಇಟ್ಟ ಮೇಲೂ ಎಷ್ಟೋ ಹೊತ್ತು ಆ ಮೀಸೆಯನ್ನೇ ನೋಡುತ್ತಾ ನಿಂತೆ. ಅಲುಗಲಿಲ್ಲ. ಅಲುಗಬಾರದೇ ಎಂದು ಅನ್ನಿಸಿತು. ಆಮೇಲೆ ಬೂತಿಗೆ ಹೋಗಿ ಡಾಕ್ಟರಮ್ಮನಿಗೆ ಫೋನ್ ಮಾಡಿ ಬಂದೆ.

ಸಂಬಂಧಿಕರು ತುಂಬಿದರು. ಸೆಕೆಗೆ ಹೆಂಗಸರು ತಲೆ ತಿರುಗಿ ಬೀಳುವಂತಾಗಿತ್ತು. ಸೆಲ್ವಿಯ ಸೋದರಮಾವನೊಬ್ಬ ಫ್ಯಾನ್ ಹಾಕಿದ, ನಾನು ಆರಿಸಿದೆ. ಮತ್ತೆ ಹಾಕಿದ, ಮತ್ತೆ ಆರಿಸಿದೆ. "ಯಾರಯ್ಯಾ ನೀನು? ಸಾವಿನ ಮನೇಲಿ ಹೋಟೆಲಿನವನಿಗೆ ಏನು ಕೆಲಸ?" ಎಂದು ನನ್ನ ಅಂಗಿ ಹಿಡಿದ. ಸೆಲ್ವಿ ಎದ್ದು ಬಂದು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

ಬೂದು ಕಾರು ಬಂತು. ಗಿರಾಕಿ ಹೇಳಿದ್ದು ಸುಳ್ಳಲ್ಲ, ಒಂದೊಂದೇ ಕಿಟಕಿ ಮುಚ್ಚಿಕೊಂಡಿತು. ಡಾಕ್ಟರಮ್ಮ ಕೈಯಲ್ಲಿ ಐಸ್ ತುಂಬಿದ ಫ್ಲಾಸ್ಕು ಹಿಡಿದು, ಚಪ್ಪಲಿ ಹೊರಗೆ ಬಿಟ್ಟು ಬಂದರು. ಸತ್ತವರ ಹೆಸರು ಕೇಳಿದರು. ಮಂಚದ ಪಕ್ಕ ನೆಲದ ಮೇಲೆ ಕೂತು, ಬದುಕಿದವರ ಹತ್ತಿರ ಮಾತಾಡುವ ಹಾಗೆ ಹೇಳಿದರು. "ಏಳುಮಲೈ ಅಯ್ಯಾ, ನಾನು ಕಣ್ಣಿನ ಡಾಕ್ಟರು. ನಿಮ್ಮ ಮಗಳು ಒಪ್ಪಿದ್ದಾಳೆ. ನೀವೂ ಒಪ್ಪಿದ್ದೀರಿ ಅಂತ ಕೇಳಿದೆ. ತಗೊಂಡು ಹೋಗಲಾ?" ಹೇಳಿ ಸುಮ್ಮನೆ ಕೂತರು, ಉತ್ತರಕ್ಕೆ ಕಾದ ಹಾಗೆ. ಅಳುತ್ತಿದ್ದವರೆಲ್ಲ ನಿಲ್ಲಿಸಿದರು. ನಾನು ಸೆರಗಿಲ್ಲದ ಗಂಡಸು, ಹೆಗಲಿನ ಬೈರಾಸ, ಅದೇ ಟವೆಲು, ಬಾಯಿಗೆ ಒತ್ತಿಕೊಂಡೆ. ಎಲ್ಲಿ ಉತ್ತರ ಬಂದುಬಿಡುತ್ತದೋ ಎಂದು ನನಗೆ ಹೆದರಿಕೆ.

ಬಾಗಿಲು ಹಾಕಿ ಸ್ವಲ್ಪ ಹೊತ್ತಿನಲ್ಲೇ ಕೆಲಸ ಮುಗಿಸಿದರು. ಮುಖ ಮೊದಲಿನ ಹಾಗೇ ಇತ್ತು, ನಿದ್ದೆ ಮಾಡಿದ ಹಾಗೆ. ಹೊರಗೆ ಬಂದು, "ಹತ್ತಿ ಇಟ್ಟವರು ಯಾರು?" ಎಂದರು. ನಾನು ಕೈ ಎತ್ತಿದೆ. "ಸರಿಯಾಗಿ ಇಟ್ಟಿದ್ದೀರಿ."

ಕಾರಿನವರೆಗೆ ಹಿಂದೆಯೇ ಹೋದೆ. ಫ್ಲಾಸ್ಕಿನ ಮುಚ್ಚಳವನ್ನೇ ನೋಡುತ್ತಿದ್ದೆ. ಒಳಗಿನಿಂದ ಏಳುಮಲೈ ನನ್ನನ್ನು ನೋಡುತ್ತಿದ್ದಾರೆ ಎಂದು ಅನ್ನಿಸಿತು. "ಅಮ್ಮ, ಇದು ನಮ್ಮ ಸಿಂಧುಗೆ ಅಲ್ವಾ?" ಎಂದೆ.

"ನನ್ನ ಹತ್ತಿರ ಸರದಿ ಇದೆ ಪೆರಿಯವರೇ. ಯಾರ ಸರದಿಯೋ ಅವರಿಗೆ. ಯಾರದು ಯಾರಿಗೆ ಹೋಯಿತು ಅಂತ ಇವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ. ಹೇಳಿದರೆ ನೀವು ಮಗುವನ್ನು ನೋಡೋದಿಲ್ಲ, ಸತ್ತವರನ್ನೇ ನೋಡ್ತೀರಿ."

ಕಾರು ಹೋಯಿತು. ಮೂರು ತಿಂಗಳು ನಾನು ಕಾದದ್ದು ಯಾರದೋ ಮಗುವಿಗೋ ಏನೋ ಎಂದು ಬೀದಿಯಲ್ಲೇ ಕೂತುಬಿಟ್ಟೆ.

ಮರುದಿನ ಬೆಳಿಗ್ಗೆ ಹೋಟೆಲಿಗೆ ಫೋನ್ ಬಂತು. "ಮಗುವಿಗೆ ಏನೂ ತಿನ್ನಿಸದೆ ಕರ್ಕೊಂಡು ಬನ್ನಿ." ಸಿಕ್ಕ ಪರದೆ ಏಳುಮಲೈಯವರದೋ, ಅದೇ ದಿನ ಇನ್ನಾವ ಮನೆಯಿಂದಲೋ ಬಂದದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಒಂದು ಕಣ್ಣಿಗೆ ಮಾಡಿದರು. ಕಟ್ಟು ಬಿಚ್ಚಿದ ದಿನ ಏನೂ ಆಗಲಿಲ್ಲ. ಬೆಳಕಿಗೆ ಅತ್ತಳು, ಅಷ್ಟೇ. ವಾರ ಹೋಯಿತು, ಎರಡು ವಾರ ಹೋಯಿತು. ವಸಂತಿ ಊಟ ಬಿಟ್ಟಳು. ಮೂರನೇ ವಾರ ಡಾಕ್ಟರಮ್ಮನ ಕೋಣೆಯಲ್ಲಿ ನಾನು ಮಗುವಿನ ಎದುರು ಕೂತಿದ್ದೆ. ಕೆಮ್ಮು ಬಂತು, ಮುಖ ಪಕ್ಕಕ್ಕೆ ತಿರುಗಿಸಿದೆ. ಸಿಂಧುವಿನ ಕಣ್ಣು ನನ್ನ ಮುಖದ ಹಿಂದೆಯೇ ಬಂತು!

ನಾನು ಮೆಲ್ಲಗೆ ಇನ್ನೊಂದು ಪಕ್ಕಕ್ಕೆ ವಾಲಿದೆ. ಕಣ್ಣು ಈಚೆ ಬಂತು. ಆದರೆ ಆ ನೋಟ! ಗುರುತು ಇಲ್ಲ, ನಗು ಇಲ್ಲ. ಯಾರೋ ಬೇರೆಯವರು ಒಳಗೆ ಕೂತು ನನ್ನನ್ನು ಅಳೆಯುತ್ತಿರುವ ಹಾಗಿತ್ತು. ಆಮೇಲೆ ಅವಳೇ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಎರಡೂ ಕೈ ಚಾಚಿದಳು. ನನ್ನ ಮೂಗು, ಕಿವಿ, ಬೋಳು ತಲೆ ಎಲ್ಲ ಸವರಿದಳು. "ಅಜ್ಜಯ್ಯ!" ಎಂದಳು. ಕೈ ತೆಗೆಯದೆ ಕಣ್ಣು ತೆರೆದಳು.

"ಇದಾ ಅಜ್ಜಯ್ಯ?"

"ಹೌದು ಮಗಾ, ಇದೇ."

ಸ್ವಲ್ಪ ಹೊತ್ತು ನೋಡಿದಳು. "ಇಷ್ಟ್ ಹಳತಾ?"

ಅಯ್ಯೋ ದೇವರೇ, ಆ ಕೋಣೆಯಲ್ಲಿ ನಾವು ನಕ್ಕದ್ದೇನು, ಅತ್ತದ್ದೇನು! ವಸಂತಿ ನೆಲದ ಮೇಲೆ ಕೂತು ಎದೆ ಬಡಿದುಕೊಂಡು ನಕ್ಕಳು. ಡಾಕ್ಟರಮ್ಮ ಆಚೆ ತಿರುಗಿ ಕನ್ನಡಕ ಒರೆಸುತ್ತಲೇ ಇದ್ದರು. ನಾನು ಆಸ್ಪತ್ರೆಯ ಕಾವಲುಗಾರನನ್ನು ತಬ್ಬಿಕೊಂಡೆ. ಅವತ್ತು ಸಂಜೆ ಹೋಟೆಲಿನಲ್ಲಿ ಬಂದವರಿಗೆಲ್ಲ ನನ್ನ ಲೆಕ್ಕದಲ್ಲಿ ಕೇಸರಿಬಾತು. ಮುಂದಿನ ವರ್ಷ ಇನ್ನೊಂದು ಕಣ್ಣೂ ಆಯಿತು. ದಪ್ಪ ಕನ್ನಡಕ ಉಂಟು, ದಿನಾ ಔಷಧಿ ಬಿಡಬೇಕು. ಇರಲಿ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ, ತಾಯಿಗೆ ಸೂಜಿ ಪೋಣಿಸಿಕೊಡುತ್ತಾಳೆ, ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಎದುರು ಮಾತಾಡುತ್ತಾಳೆ.

ಡಾಕ್ಟರಮ್ಮ ಎರಡು ವರ್ಷದ ಹಿಂದೆ ಹೋದರು. ಅವರ ಕಣ್ಣನ್ನು ಅವರ ಶಿಷ್ಯರೇ ತೆಗೆದರಂತೆ. ಈ ಊರಿನಲ್ಲಿ ಇಬ್ಬರು ಆ ಕಣ್ಣಲ್ಲಿ ನೋಡುತ್ತಾ ಓಡಾಡುತ್ತಿದ್ದಾರೆ. ಬಸ್ಸಿನಲ್ಲಿ ಯಾರಾದರೂ ನನ್ನನ್ನು ತುಸು ಹೆಚ್ಚು ಹೊತ್ತು ನೋಡಿದರೆ ನಾನು ಎದ್ದು ಜಾಗ ಬಿಡುತ್ತೇನೆ.

ಸೆಲ್ವಿ ಮದುವೆಯಾಗಿ ವೆಸ್ಟ್ ಮಾಂಬಲಂನಲ್ಲಿದ್ದಾಳೆ. ವರ್ಷಕ್ಕೊಮ್ಮೆ, ಅಪ್ಪನ ತಿಥಿಯ ಮರುದಿನ ನಮ್ಮ ಮನೆಗೆ ಬರುತ್ತಾಳೆ. ಈ ಸಲವೂ ಬಂದಿದ್ದಳು. ಸಿಂಧುವನ್ನು ಎದುರಿಗೆ ಕೂರಿಸಿಕೊಂಡು ಜಡೆ ಹಾಕುವ ನೆವದಲ್ಲಿ ಅವಳ ಗಲ್ಲ ಹಿಡಿದು ಮೇಲೆತ್ತಿ, ಕನ್ನಡಕ ತೆಗೆದು, ಕಣ್ಣೊಳಗೆ ನೋಡುತ್ತಲೇ ಇದ್ದಳು. ಬಹಳ ಹೊತ್ತು ನೋಡಿದಳು.

"ಏನಕ್ಕಾ, ಹಾಗೆ ನೋಡ್ತಿದ್ದೀಯಾ?" ಎಂದು ಸಿಂಧು ತಮಿಳಿನಲ್ಲಿ ಕೇಳಿದಳು.

"ಸುಮ್ಮಾ ದಾನ್" ಎಂದಳು ಸೆಲ್ವಿ. ಸುಮ್ಮನೆ ಎಂದು.

ಹಾಗೆ ನೋಡುವುದು ಎಂದರೆ ಏನೆಂದು ನಮ್ಮ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಡಾಕ್ಟರಮ್ಮ ಹೇಳಿಲ್ಲ, ನನಗೂ ಗೊತ್ತಿಲ್ಲ, ಅದು ನಿನ್ನ ಅಪ್ಪನದು ಇರಲಿಕ್ಕಿಲ್ಲ ತಾಯೀ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಎಷ್ಟು ಹೊತ್ತು ಬೇಕೋ ಅಷ್ಟು ನೋಡಲಿ ಎಂದು, ಕಾಫಿಗೆ ನೀರಿಡಲು ಒಳಗೆ ಹೋದೆ.